ಹಳ್ಳಿಮನೆಗೆ ಕಲ್ಲುದಾರಿ: ಮೊದಲು ನೀರು, ಆಮೇಲೆ ಮೇಸ್ತ್ರಿ, ಕೊನೆಗೆ ಕಲ್ಲು

ಕಲ್ಲುದಾರಿ ಮಾಡಿಸಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಕಲ್ಲಿನ ಡಿಪೋಗೆ. ಬಣ್ಣ ಮೆಚ್ಚಿ, ಮುಂಗಡ ಕೊಟ್ಟು, ಲೋಡು ಇಳಿಸಿಕೊಂಡ ಮೇಲೆ ಅದನ್ನು ಹಾಸುವವರಿಗಾಗಿ ಹುಡುಕಾಟ ಶುರು. ಬಂದ ಮೇಸ್ತ್ರಿ ಅಂಗಳದಲ್ಲಿ ಬಿದ್ದಿರುವ ಕಲ್ಲಿಗೆ ತಕ್ಕಂತೆ ಕೆಲಸ ಹೇಳುತ್ತಾರೆ. ಕಲ್ಲು ತೆಳುವಾಗಿದ್ದರೆ ಕೆಳಗೆ ಕಾಂಕ್ರೀಟ್ ಸುರಿಯೋಣ ಎನ್ನುತ್ತಾರೆ, ದಪ್ಪವಾಗಿದ್ದರೆ ಅಗೆಯುವುದೇ ಬೇಡ, ಹಾಗೇ ಕೂರಿಸೋಣ ಎನ್ನುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಡೆ ಕಲ್ಲು ತೂಗಾಡುತ್ತದೆ, ಇನ್ನೊಂದು ಕಡೆ ನೀರು ನಿಲ್ಲುತ್ತದೆ. ಬೈಗುಳ ಮಾತ್ರ ಕಲ್ಲಿಗೆ.

ನಿಜಕ್ಕೂ ಕೆಡುವುದು ಕಲ್ಲಿನ ಕೆಳಗಿನ ಏಳೆಂಟು ಇಂಚು. ಆದ್ದರಿಂದ ಕ್ರಮವನ್ನು ತಿರುಗಿಸಿ: ನೀರು ಎಲ್ಲಿ ಹರಿಯುತ್ತದೆ ನೋಡಿ, ಅಳತೆ ಹಾಕಿ, ಜನರನ್ನು ಹುಡುಕಿ, ಅವರೊಂದಿಗೆ ಕೂತು ಕಲ್ಲು ಆರಿಸಿ.

ಜೋರು ಮಳೆಯಲ್ಲಿ ಒಂದು ಸುತ್ತು

ದಾರಿ ಎಳೆಯುವ ಮುಂಚೆ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಯ ಸುತ್ತ ನಡೆಯಿರಿ. ಸೂರಿನ ನೀರು ಎಲ್ಲಿ ಬೀಳುತ್ತದೆ, ಮೇಲಿನ ಜಾಗದ ನೀರು ಯಾವ ಕಡೆಯಿಂದ ನುಗ್ಗುತ್ತದೆ, ಎಲ್ಲಿ ಮಡುಗಟ್ಟುತ್ತದೆ, ಎಲ್ಲಿ ಮಣ್ಣು ಕೊಚ್ಚುತ್ತದೆ ಎಂದು ನೋಡಿ ಅಲ್ಲಲ್ಲೇ ಗೂಟ ಹೊಡೆಯಿರಿ. ಇಳಿಜಾರಿಗೆ ಅಡ್ಡವಾಗಿ ಹೋಗುವ ದಾರಿ ನೆಲಕ್ಕಿಂತ ಎರಡು ಇಂಚು ಎದ್ದು ನಿಂತರೂ ಸಾಕು, ಅದು ಒಡ್ಡಿನಂತೆ ವರ್ತಿಸುತ್ತದೆ. ನೀರು ಒಂದೋ ದಾರಿಯ ಮೇಲ್ಬದಿಯಲ್ಲಿ ನಿಂತು ತಳವನ್ನು ಮೆತ್ತಗೆ ಮಾಡುತ್ತದೆ, ಇಲ್ಲವೇ ಅಂಚಿನ ಅಡಿಯಿಂದ ತೂರಿ ಮರಳನ್ನು ಹೊತ್ತೊಯ್ಯುತ್ತದೆ. ಅಂಥ ಕಡೆ ಮೇಲ್ಬದಿಗೆ ಆಳವಿಲ್ಲದ ಕಾಲುವೆ ತೆಗೆದು, ತಗ್ಗಿನಲ್ಲಿ ದಾರಿಯ ಅಡಿಗೆ 4ರಿಂದ 6 ಇಂಚಿನ ಪೈಪು ಹಾಕಿ ನೀರನ್ನು ದಾಟಿಸಬೇಕು.

ಗೋಡೆಗೆ ಒತ್ತಿಕೊಂಡು ದಾರಿ ಬೇಡ. ಸೂರಿನ ನೀರು ಬೀಳುವ ಪಟ್ಟಿಯಲ್ಲಿ ಒಂದೂವರೆ ಅಡಿ ಅಗಲಕ್ಕೆ ಬರೀ ಜಲ್ಲಿ ಹರಡಿದರೆ ಗೋಡೆಗೆ ಕೆಸರು ಸಿಡಿಯುವುದಿಲ್ಲ, ದಾರಿ ಅದರಾಚೆ ಶುರುವಾಗಲಿ. ದಾರಿಯ ಮೇಲ್ಮೈ ಗೋಡೆಯ ತೇವತಡೆ ಪದರಕ್ಕಿಂತ (ನೆಲದ ತೇವ ಗೋಡೆಗೆ ಏರದಂತೆ ಪಾಯದ ಮೇಲೆ ಹಾಕುವ ಪದರ) ಕನಿಷ್ಠ 6 ಇಂಚು ಕೆಳಗಿರಬೇಕು. ಹೊಸ ದಾರಿಯ ಮಟ್ಟ ಏರಿ ಒಳಗೋಡೆಗೆ ತೇವ ಹತ್ತಿದ ಮೇಲೆ, ಕಲ್ಲು ಕೀಳದೆ ಬೇರೆ ದಾರಿಯಿಲ್ಲ.

ಅಡ್ಡವಾಟ (ನೀರು ಬದಿಗೆ ಹರಿಯಲು ಕೊಡುವ ಇಳಿಜಾರು) ಅಗಲದ ಪ್ರತಿ ಅಡಿಗೆ ಕಾಲು ಇಂಚು, ಅಂದರೆ 4 ಅಡಿ ಅಗಲದ ದಾರಿಗೆ 1 ಇಂಚು, ಯಾವಾಗಲೂ ಮನೆಯಿಂದ ಆಚೆಗೆ. ಮೇಲ್ಮೈ ಒರಟಾದ ಕಲ್ಲಿಗೆ ಇನ್ನಷ್ಟು ಕೊಟ್ಟರೂ ತಪ್ಪಿಲ್ಲ. ಉದ್ದಕ್ಕೆ ಇಳಿಜಾರು 12 ಅಡಿಗೆ 1 ಅಡಿಗಿಂತ ಹೆಚ್ಚಾದರೆ ಮಳೆಯಲ್ಲಿ ಜಾರುತ್ತದೆ, ಅಲ್ಲಿ ಮೆಟ್ಟಿಲು ಬೇಕು. ಹೊರಗಿನ ಮೆಟ್ಟಿಲು ಮನೆಯೊಳಗಿನದಕ್ಕಿಂತ ತಗ್ಗಾಗಿ, ಅಗಲವಾಗಿ ಇರಲಿ: ಎತ್ತರ 5ರಿಂದ 6 ಇಂಚು, ಕಾಲಿಡುವ ಅಗಲ 14ರಿಂದ 16 ಇಂಚು. ಎಲ್ಲ ಮೆಟ್ಟಿಲೂ ಒಂದೇ ಎತ್ತರಕ್ಕಿರಬೇಕು. ಒಂಟಿ ಮೆಟ್ಟಿಲು ಮಾತ್ರ ಮಾಡಬೇಡಿ. ಕತ್ತಲಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಎಡವಿಸುತ್ತದೆ. ಎರಡು ಮೆಟ್ಟಿಲಿಗೆ ಏರಿಸಿ, ಇಲ್ಲವೇ ಇಳಿಜಾರಿನಲ್ಲೇ ಕರಗಿಸಿ.

ಇನ್ನು ಅಗಲ. ಒಬ್ಬರು ನಡೆಯಲು, ಕೈಗಾಡಿ ತಳ್ಳಲು 3 ಅಡಿ ಸಾಕು. ಇಬ್ಬರು ಜೊತೆಯಾಗಿ ನಡೆಯುವ ಮುಂಬಾಗಿಲ ದಾರಿಗೆ 4ರಿಂದ 5 ಅಡಿ. ಗೊಬ್ಬರದ ಗುಂಡಿ, ನೀರಿನ ತೊಟ್ಟಿಯಂಥ ಕಡೆಗೆ ಪೂರ್ತಿ ದಾರಿ ಬೇಕಿಲ್ಲ, ಬಿಡಿಬಿಡಿಯಾಗಿ ಹೆಜ್ಜೆಗಲ್ಲು ಇಟ್ಟರಾಯಿತು. ಒಂದು ಕಲ್ಲಿನ ನಡುವಿನಿಂದ ಮುಂದಿನದರ ನಡುವಿಗೆ ಸುಮಾರು 2 ಅಡಿ, ಪ್ರತಿ ಕಲ್ಲು ಕನಿಷ್ಠ 16 ಇಂಚು ಅಗಲ. ದೂರವನ್ನು ಮನೆಯ ಅತಿ ಗಿಡ್ಡ ಮತ್ತು ಅತಿ ಎತ್ತರದವರಿಬ್ಬರನ್ನೂ ನಡೆಸಿ ನೋಡಿ ನಿರ್ಧರಿಸಿ. ದಾರಿಯ ಗೆರೆಯನ್ನು ನೆಲವೇ ತೋರಿಸುತ್ತದೆ. ಹುಲ್ಲು ಸವೆದು ಕಾಲುಜಾಡು ಬಿದ್ದಲ್ಲಿ ದಾರಿ ಹೋಗಲಿ. ಚೆಂದಕ್ಕೆಂದು ಬಳಸುದಾರಿ ಕೊಟ್ಟರೆ ಜನ ಮೂಲೆ ಕತ್ತರಿಸಿ ಹುಲ್ಲಿನ ಮೇಲೇ ನಡೆಯುತ್ತಾರೆ.

ನೆಲ ಅಗೆದು ನೋಡಿ

ದಾರಿಯುದ್ದಕ್ಕೂ ಮೂರು ಕಡೆ ಒಂದೂವರೆ ಅಡಿ ಆಳದ ಗುಂಡಿ ತೋಡಿ. ಗಟ್ಟಿ ಕೆಂಪು ಮಣ್ಣು, ಗರಸು ಸಿಕ್ಕರೆ ಅದೃಷ್ಟ, 4 ಇಂಚು ಜಲ್ಲಿ ತಳ ಸಾಕು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಮಳೆಯಲ್ಲಿ ಉಬ್ಬುವ ಎರೆಮಣ್ಣಾದರೆ 8 ಇಂಚು ತಳ, ಅದರಡಿಗೆ ಮಣ್ಣು ಮೇಲೆ ಬೆರೆಯದಂತೆ, ನೀರನ್ನು ಮಾತ್ರ ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಎರೆಮಣ್ಣಿನಲ್ಲಿ ಜಲ್ಲಿ ತುಂಬಿದ ಹಳ್ಳ ಬಚ್ಚಲಿನ ತೊಟ್ಟಿಯಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ನೆನಪಿರಲಿ. ತಗ್ಗಿನ ತುದಿಯಿಂದ ನೀರು ಹೊರಹೋಗಲು ಒಂದು ಬಾಯಿ ಬಿಡಲೇಬೇಕು. ಗುಂಡಿಗೆ ಒಂದು ಬಕೆಟ್ ನೀರು ಸುರಿದು ಮಾರನೇ ಬೆಳಿಗ್ಗೆ ನೋಡಿ. ಇನ್ನೂ ನಿಂತಿದ್ದರೆ ಆ ಬಾಯಿ ಬೇಕೆಂದೇ ಅರ್ಥ.

ಹೊಸ ಮನೆಯ ಪಾಯದ ಸುತ್ತ ತುಂಬಿದ ಮಣ್ಣಿನ ಬಗ್ಗೆ ವಿಶೇಷ ಎಚ್ಚರ. ಗೋಡೆಯಿಂದ ಮೂರ್ನಾಲ್ಕು ಅಡಿವರೆಗೆ ಅದು ಸಡಿಲವಾಗಿರುತ್ತದೆ, ಒಂದೆರಡು ಮಳೆಗೆ ಕುಸಿಯುತ್ತದೆ. ಒಂದು ಮಳೆಗಾಲ ಕಾಯುವುದು ಲೇಸು. ಆಗದಿದ್ದರೆ ಆ ಮಣ್ಣನ್ನು ತೆಗೆದು, ನೀರು ಚಿಮುಕಿಸಿ, 6 ಇಂಚಿನ ಪದರ ಪದರವಾಗಿ ದಿಮ್ಮಸು ಹೊಡೆಸಿ ಮತ್ತೆ ತುಂಬಿಸಿ.

ದೊಡ್ಡ ಮರದ ಬುಡದಿಂದ 5–6 ಅಡಿಯೊಳಗೆ ಅಗೆಯಬೇಡಿ. ಬೇರು ಕತ್ತರಿಸಿದರೆ ಮರಕ್ಕೆ ಕೇಡು, ಉಳಿಸಿದರೆ ಅದು ದಪ್ಪವಾಗಿ ಕಲ್ಲನ್ನು ಎತ್ತುತ್ತದೆ. ಅಲ್ಲಿ ಹೆಜ್ಜೆಗಲ್ಲುಗಳನ್ನು ನೆಲದ ಮೇಲೆಯೇ ಮರಳಿನಲ್ಲಿ ಕೂರಿಸಿ, ಎದ್ದಾಗ ಸರಿಸಿಕೊಳ್ಳಿ.

ಎಷ್ಟು ಸಾಮಾನು ಬೇಕು

60 ಅಡಿ ಉದ್ದ, 4 ಅಡಿ ಅಗಲದ ದಾರಿಯನ್ನೇ ಲೆಕ್ಕ ಹಾಕೋಣ. ಮೇಲ್ಮೈ 240 ಚದರ ಅಡಿ. ಆದರೆ ಅಗೆತ ಎರಡೂ ಬದಿಗೆ ಅರ್ಧರ್ಧ ಅಡಿ ಹೆಚ್ಚಿರಬೇಕು, ಇಲ್ಲದಿದ್ದರೆ ಅಂಚುಗಲ್ಲು ಹಸಿ ಮಣ್ಣಿನ ಮೇಲೆ ಕೂರುತ್ತದೆ. ಹಾಗಾಗಿ ಅಗೆಯುವುದು 300 ಚದರ ಅಡಿ. ಕೊಟೇಶನ್‌ಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು, ಅಥವಾ ಬೇಕೆಂದೇ ಬಿಡುವುದು, ಈ ಒಂದು ಅಡಿಯನ್ನೇ.

ಆಳ: ತಳಕ್ಕೆ 4 ಇಂಚು, ಹಾಸುಮರಳಿಗೆ (ಕಲ್ಲು ಕೂರಿಸಲು ತಳದ ಮೇಲೆ ಹರಡುವ ಮರಳು) 1 ಇಂಚು, ಕಲ್ಲಿಗೆ 2 ಇಂಚು, ಒಟ್ಟು 7. ಅಗೆದ ಮಣ್ಣು 175 ಘನ ಅಡಿ. ಸಡಿಲವಾದಾಗ ಅದು ಉಬ್ಬಿ ಸುಮಾರು 220 ಆಗುತ್ತದೆ, ಅದನ್ನು ಎಲ್ಲಿ ಹಾಕಬೇಕೆಂದು ಮೊದಲೇ ತೀರ್ಮಾನಿಸಿ. ತಳದ ಜಲ್ಲಿ ಗಟ್ಟಿಯಾದ ಮೇಲೆ 100 ಘನ ಅಡಿ ಇರಬೇಕು, ದಮ್ಮಾಸು ಮಾಡಿದಾಗ, ಅಂದರೆ ಕುಟ್ಟಿ ಗಟ್ಟಿ ಮಾಡಿದಾಗ, ಕುಗ್ಗುವುದರಿಂದ 125 ತರಿಸಿ. ಹಾಸುಮರಳು 25, ಸಂದಿಗೆ ತುಂಬಲು ಕಲ್ಲುಪುಡಿ 5. ಕಲ್ಲು ಕತ್ತರಿಸಿದ ಚಪ್ಪಡಿಯಾದರೆ ನೂರಕ್ಕೆ 10 ಸೇರಿಸಿ 264 ಚದರ ಅಡಿ, ಆಕಾರವಿಲ್ಲದ ತುಂಡುಗಲ್ಲಾದರೆ ನೂರಕ್ಕೆ 15.

ತೂಕವನ್ನು ಜನ ಮರೆಯುತ್ತಾರೆ. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕೆಜಿ. 2 ಅಡಿ ಉದ್ದಗಲ, 2 ಇಂಚು ದಪ್ಪದ ಒಂದೇ ಚಪ್ಪಡಿ 50 ಕೆಜಿ, ಇಬ್ಬರು ಹಿಡಿಯಲೇಬೇಕು. ಮೇಲಿನ ದಾರಿಗೆ ಕಲ್ಲೇ 3,300 ಕೆಜಿ, ಜಲ್ಲಿ ಮರಳು ಸೇರಿದರೆ ಹೆಚ್ಚೂಕಡಿಮೆ 10 ಟನ್. ಲಾರಿ ಅಂಗಳದವರೆಗೆ ಬರದಿದ್ದರೆ ಕೈಗಾಡಿಯಲ್ಲಿ ಒಂದು ಸಲಕ್ಕೆ 65 ಕೆಜಿಯಂತೆ 150 ಸುತ್ತು, ಹೊರಹೋಗುವ ಮಣ್ಣಿನದು ಬೇರೆ. ಹಳ್ಳಿಮನೆಯಲ್ಲಿ ಕೂಲಿಯ ಲೆಕ್ಕ ತಲೆಕೆಳಗಾಗುವುದು ಇಲ್ಲಿ. ಬರುವ ದಾರಿಯ ಅಗಲ, ತಿರುವು, ಮೋರಿಯ ಬಲ, ತೂಗುವ ಕೊಂಬೆ, ತಂತಿಗಳ ಎತ್ತರ ಇವನ್ನೆಲ್ಲ ಗಾಡಿಯವರಿಗೆ ಮುಂಚೆಯೇ ಹೇಳಿ. ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂದು ಗುರುತು ಹಾಕಿಡಿ. ಅದರ ಮೇಲೆ ಟಿಪ್ಪರ್ ಹತ್ತಿದರೆ ದಾರಿಗಿಂತ ದೊಡ್ಡ ಕೆಲಸ ಬಂದೀತು.

ಯಾರನ್ನು ಕರೆಯುವುದು

ಲ್ಯಾಂಡ್‌ಸ್ಕೇಪ್ ಎಂಬ ಬೋರ್ಡಿನ ಅಡಿಯಲ್ಲಿ ಮೂರು ಬಗೆಯ ಜನ ಸಿಗುತ್ತಾರೆ. ಗಿಡ, ಹುಲ್ಲುಹಾಸು ಬಲ್ಲವರು. ನಕ್ಷೆ ಬರೆದು ಕೆಲಸವನ್ನು ಬೇರೆಯವರಿಗೆ ಒಪ್ಪಿಸುವವರು. ನೆಲ ಅಗೆದು ಕಲ್ಲು ಕೂರಿಸುವವರು. ನಿಮಗೆ ಬೇಕಿರುವುದು ಮೂರನೆಯವರು. ಗಿಡದ ಕೆಲಸದಲ್ಲಿ ಪಳಗಿದವರು ದಾರಿಯನ್ನೂ ಒಪ್ಪಿಕೊಳ್ಳುತ್ತಾರೆ, ಆದರೆ ದಮ್ಮಾಸು ಯಂತ್ರ ಇದೆಯೇ ಎಂದು ಕೇಳಿದರೆ ಸಾಕು, ಗೊತ್ತಾಗಿಬಿಡುತ್ತದೆ. ಒಳ್ಳೆಯ ಗೋಡೆ ಕಟ್ಟುವ ಮೇಸ್ತ್ರಿಯೂ ಇಲ್ಲಿ ಎಡವಬಹುದು. ಸಿಮೆಂಟ್ ಹಾಕಿದರೆ ಎಲ್ಲ ಗಟ್ಟಿ ಎಂಬ ಅಭ್ಯಾಸ ಅವರದು. ಸಡಿಲ ನೆಲದ ಮೇಲೆ ಸುರಿದ ತೆಳು ಕಾಂಕ್ರೀಟ್ ಮೊದಲ ಬೇಸಿಗೆಗೇ ಬಿರಿದು ಕಲ್ಲನ್ನೂ ಎಬ್ಬಿಸುತ್ತದೆ.

ಹುಡುಕಲು ಜಾಹೀರಾತಿಗಿಂತ ಒಳ್ಳೆಯ ಜಾಗಗಳಿವೆ. ಕ್ವಾರಿ ಮತ್ತು ಕಲ್ಲಿನ ಡಿಪೋದವರನ್ನು ಕೇಳಿ: ಹಾಸುಗಲ್ಲನ್ನು ನಿಮ್ಮಲ್ಲಿ ವರ್ಷವರ್ಷವೂ ಒಯ್ಯುವವರು ಯಾರು, ಒಯ್ದ ಕಲ್ಲನ್ನು ವಾಪಸು ತಂದು ಜಗಳ ಮಾಡದವರು ಯಾರು? ದಮ್ಮಾಸು ಯಂತ್ರ, ಕಲ್ಲು ಕತ್ತರಿಸುವ ಯಂತ್ರ ಬಾಡಿಗೆಗೆ ಕೊಡುವ ಅಂಗಡಿಯವರಿಗೆ ಇನ್ನೂ ಚೆನ್ನಾಗಿ ಗೊತ್ತು, ಯಂತ್ರ ಒಯ್ಯದವರು ತಳ ಕುಟ್ಟುವುದಿಲ್ಲವಲ್ಲ. ಹಾದಿಯಲ್ಲಿ ಕಣ್ಣಿಗೆ ಬಿದ್ದ ಚೆಂದದ ದಾರಿಯ ಮನೆಯವರನ್ನು ನೇರವಾಗಿ ವಿಚಾರಿಸುವುದಕ್ಕೂ ಹಿಂಜರಿಯಬೇಡಿ.

ಹೆಸರು ಸಿಕ್ಕ ಮೇಲೆ ಅವರು ಮಾಡಿದ ಹಳೆಯ ಕೆಲಸ ನೋಡಿ. ನಿನ್ನೆ ಮುಗಿದ ದಾರಿ ಎಲ್ಲರದೂ ಚೆನ್ನಾಗಿರುತ್ತದೆ, ಫೋಟೋ ಇನ್ನೂ ಚೆನ್ನಾಗಿರುತ್ತದೆ. ಕನಿಷ್ಠ ಎರಡು ಮಳೆಗಾಲ ಕಂಡ ದಾರಿಯ ಮೇಲೆ ನಡೆಯಿರಿ. ಅಂಚಿನ ಕಲ್ಲಿನ ಮೂಲೆಗೆ ಹಿಮ್ಮಡಿಯಿಂದ ಭಾರ ಹಾಕಿ, ಅಲುಗಿದರೆ ತಳ ಸರಿಯಿಲ್ಲ. ನಡುವೆ ಕುಳಿ ಬಿದ್ದಿದೆಯೇ, ಸಂದಿಯ ಮರಳು ಉಳಿದಿದೆಯೇ, ನಾಲ್ಕು ಕಲ್ಲಿನ ಮೂಲೆಗಳು ಒಂದೇ ಕಡೆ ಸೇರಿ ಕೂಡು ಗುರುತಿನಂತೆ ಆಗಿವೆಯೇ ನೋಡಿ. ಆ ಕೂಡು ಗುರುತು ಬರೀ ಅಂದದ ದೋಷವಲ್ಲ. ಅಲ್ಲಿ ಯಾವ ಕಲ್ಲೂ ಇನ್ನೊಂದನ್ನು ತಡೆದು ಹಿಡಿಯುವುದಿಲ್ಲ, ಮೂಲೆಗಳು ಮೊದಲು ಇಳಿಯುವುದು ಅಲ್ಲೇ.

ಜಾಗ ನೋಡಲು ಬಂದವರು ಮೊದಲು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಬಲ್ಲವರು ಮಳೆ ನೀರು, ಮಣ್ಣು, ಲಾರಿ ಬರುವ ದಾರಿ ಇವನ್ನು ವಿಚಾರಿಸುತ್ತಾರೆ. ಬಂದ ಕೂಡಲೇ ಚದರ ಅಡಿಗೆ ಇಷ್ಟು ಎಂದವರ ಹತ್ತಿರ ನೀವೇ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಆಳ ಅಗೆಯುತ್ತೀರಿ? ತಳಕ್ಕೆ ಯಾವ ಜಲ್ಲಿ? ಎಷ್ಟು ಪದರದಲ್ಲಿ ಕುಟ್ಟುತ್ತೀರಿ? ಅಂಚು ಜಾರದಂತೆ ಏನು ಮಾಡುತ್ತೀರಿ? "ಅದೆಲ್ಲ ನಾವು ನೋಡಿಕೊಳ್ಳುತ್ತೇವೆ ಬಿಡಿ" ಎಂಬುದು ಉತ್ತರವಲ್ಲ.

ಮೂವರಿಂದ ಬೆಲೆ ಕೇಳಿ, ಆದರೆ ಮೂವರಿಗೂ ಒಂದೇ ಬರಹ ಕೊಟ್ಟು ಕೇಳಿ. ಅಗೆತದ ಅಗಲ ಆಳ, ತಳದ ದಪ್ಪ (ಕುಟ್ಟಿದ ಮೇಲಿನದು), ಕಲ್ಲಿನ ಹೆಸರು, ದಪ್ಪದ ಮಿತಿ, ಅಂಚಿನ ಬಗೆ, ವಾಟ, ಮಣ್ಣು ಸಾಗಿಸುವುದು ಯಾರ ಪಾಲು, ಒಡೆದ ಕಲ್ಲು ಯಾರ ಲೆಕ್ಕ, ಕೆಲಸ ಮುಗಿದ ಮೇಲೆ ಎಷ್ಟು ತಿಂಗಳು ಅಲುಗಿದ ಕಲ್ಲನ್ನು ಸರಿಪಡಿಸುತ್ತಾರೆ, ಎಲ್ಲವೂ ಕಾಗದದಲ್ಲಿರಲಿ. ಇದಿಲ್ಲದೆ ಮೂರು ಬೆಲೆ ಹೋಲಿಸುವುದೆಂದರೆ ಮೂರು ಬೇರೆ ಬೇರೆ ಕೆಲಸಗಳನ್ನು ಹೋಲಿಸಿದಂತೆ. ಅತಿ ಕಡಿಮೆ ಹೇಳಿದವರು ಸಾಮಾನ್ಯವಾಗಿ ಉಳಿಸುವುದು ತಳದಲ್ಲಿ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಹಣವನ್ನೂ ಅದೇ ತರ್ಕದಲ್ಲಿ ಕೊಡಿ. ಸಾಮಾನಿಗೆ ಬೇಕಾದಷ್ಟು ಮುಂಗಡ, ತಳ ಕುಟ್ಟಿ ನೀವು ನೋಡಿ ಒಪ್ಪಿದ ಮೇಲೆ ಒಂದು ಪಾಲು, ಕಲ್ಲು ಕೂರಿಸಿದ ಮೇಲೆ ಇನ್ನೊಂದು, ಒಂದು ಸಣ್ಣ ಪಾಲು ಮೊದಲ ಜೋರು ಮಳೆ ಕಳೆದ ಮೇಲೆ. ಅಗೆತ ಮತ್ತು ತಳಕ್ಕೆ ದಿನಗೂಲಿಗಿಂತ ಗುತ್ತಿಗೆ ವಾಸಿ. ಆಕಾರವಿಲ್ಲದ ಕಲ್ಲು ಜೋಡಿಸುವುದಕ್ಕೆ ಮಾತ್ರ ದಿನಗೂಲಿಯೇ ಸರಿ, ಅವಸರ ಮಾಡಿದರೆ ಸಂದಿಗಳು ಅಗಲವಾಗುತ್ತವೆ.

ಕಲ್ಲು ಆರಿಸುವಾಗ

ಈಗ ಮೇಸ್ತ್ರಿಯನ್ನು ಕರೆದುಕೊಂಡೇ ಡಿಪೋಗೆ ಹೋಗಿ.

ಗ್ರಾನೈಟ್ ಗಟ್ಟಿ, ನೀರು ಹೀರುವುದು ಕಡಿಮೆ, ಸವೆಯುವುದು ತೀರ ನಿಧಾನ. ಪಾಲಿಶ್ ಮಾಡಿದ್ದನ್ನು ಮಾತ್ರ ಹೊರಗೆ ಹಾಸಲೇಬೇಡಿ, ಒದ್ದೆಯಾದರೆ ಗಾಜಿನಂತೆ. ಬೆಂಕಿಯ ಜ್ವಾಲೆ ಹಾಯಿಸಿ ಒರಟಾಗಿಸಿದ್ದು ಅಥವಾ ಉಳಿ ಹೊಡೆದದ್ದು ಕೇಳಿ. ಬಸಾಲ್ಟ್ ಕೂಡ ಅಷ್ಟೇ ಗಟ್ಟಿ, ಆದರೆ ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ. ಬರಿಗಾಲಲ್ಲಿ ಓಡಾಡುವ ಅಂಗಳಕ್ಕೆ ಮಧ್ಯಾಹ್ನ ಕಷ್ಟ. ಮರಳುಗಲ್ಲು ಕಾಲಿಗೆ ಒಳ್ಳೆಯ ಹಿಡಿತ ಕೊಡುತ್ತದೆ, ಬಣ್ಣವೂ ಸೊಗಸು. ಆದರೆ ನೆರಳಿನಲ್ಲಿ ಹಾಸಿದರೆ ನೀರು ಹಿಡಿದುಕೊಂಡು ಪಾಚಿ ಬೆಳೆಸುತ್ತದೆ. ಅದರ ಪದರಗಳು ನೆಲಕ್ಕೆ ಸಮಾನಾಂತರವಾಗಿ ಮಲಗಿರಬೇಕು. ಲಂಬವಾಗಿ ನಿಲ್ಲಿಸಿ ಅಂಚುಗಲ್ಲು ಮಾಡಿದರೆ ಪದರದ ನಡುವೆ ನೀರು ಇಳಿದು ಸಿಪ್ಪೆ ಏಳುತ್ತದೆ. ಸುಣ್ಣಕಲ್ಲಿನ ಚಪ್ಪಡಿ ಸುಲಭವಾಗಿ ಸಿಗುತ್ತದೆ, ಚೆನ್ನಾಗಿ ಕೂರುತ್ತದೆ, ಆದರೆ ಕಾಲಾಡಿದಂತೆ ಸವೆದು ನುಣುಪಾಗುತ್ತದೆ. ಆಸಿಡ್ ಅದಕ್ಕೆ ಶತ್ರು, ಹುಳಿ ಹಣ್ಣು ಉದುರುವ ಮರದಡಿಯೂ ಕಲೆ ಬೀಳುತ್ತದೆ. ಸ್ಲೇಟ್ ಕೊಳ್ಳುವಾಗ ಅಂಚನ್ನು ಉಗುರಿನಿಂದ ಕೆರೆದು ನೋಡಿ, ಎಳೆ ಎಳೆಯಾಗಿ ಬಿಟ್ಟುಕೊಂಡರೆ ಬೇಡ. ಜಂಬಿಟ್ಟಿಗೆ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು. ಅಂಚಿಗೆ, ತಗ್ಗು ಗೋಡೆಗೆ ಚೆಂದ, ತುಳಿಯುವ ಜಾಗಕ್ಕೆ ಬೇಡ. ಅದು ಸವೆಯುತ್ತದೆ, ಪಾಚಿಯನ್ನೂ ಹಿಡಿಯುತ್ತದೆ.

ಯಾವ ಹೆಸರಿನ ಕಲ್ಲಾದರೂ ಪರೀಕ್ಷೆ ಮಾಡದೆ ಕೊಳ್ಳಬೇಡಿ, ಒಂದೇ ಕ್ವಾರಿಯ ಎರಡು ಪದರ ಬೇರೆ ಬೇರೆ ಇರುತ್ತವೆ. ಸುತ್ತಿಗೆಯಿಂದ ಮೆಲ್ಲಗೆ ಬಡಿಯಿರಿ. ಕಣ್ ಎಂದು ನುಡಿದರೆ ಸರಿ, ದಬ್ ಎಂದರೆ ಒಳಗೆ ಬಿರುಕು ಇರಬಹುದು. ಒಣಗಿದ ಮೇಲ್ಮೈಗೆ ನೀರಿನ ಹನಿ ಬಿಡಿ. ಕ್ಷಣದಲ್ಲಿ ಹೀರಿ ಕಪ್ಪಾದರೆ ಅದು ನೀರುಕುಡುಕ ಕಲ್ಲು. ನಿಖರವಾಗಿ ಬೇಕಿದ್ದರೆ 2–3 ಕೆಜಿಯ ತುಂಡನ್ನು ಎರಡು ದಿನ ಬಿಸಿಲಿಗಿಟ್ಟು ತೂಗಿ, ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. 2,000 ಗ್ರಾಂನ ತುಂಡು 2,010 ಆದರೆ ಏರಿಕೆ ನೂರಕ್ಕೆ ಅರ್ಧ, ಎಲ್ಲಿ ಬೇಕಾದರೂ ಹಾಸಬಹುದು. 2,060 ದಾಟಿದರೆ ನೆರಳಿನ ಜಾಗಕ್ಕೆ ಬೇಡ, ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವಲ್ಲಂತೂ ಬೇಡವೇ ಬೇಡ. ಒಳಗಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಕಲ್ಲನ್ನು ಸೀಳುತ್ತದೆ. ನಿಂಬೆರಸದ ಒಂದು ಹನಿ ನೊರೆ ಎಬ್ಬಿಸಿದರೆ ಅದರಲ್ಲಿ ಸುಣ್ಣವಿದೆ. ಕೊನೆಗೆ ಒಂದು ಚಪ್ಪಡಿಯನ್ನು ಓರೆಯಾಗಿಟ್ಟು, ನೀರು ಸುರಿದು, ಒದ್ದೆ ಚಪ್ಪಲಿಯಲ್ಲಿ ನಿಂತು ನೋಡಿ.

ದಪ್ಪ: ಜಲ್ಲಿ ತಳದ ಮೇಲೆ ಜನ ನಡೆಯುವ ದಾರಿಗೆ 2 ಇಂಚು. ಒಂದೂವರೆಗಿಂತ ತೆಳುವಾದದ್ದು ದೊಡ್ಡ ಚಪ್ಪಡಿಯಲ್ಲಿ ಮುರಿಯುತ್ತದೆ. ಗಾಡಿ ಹತ್ತುವ ಜಾಗದ ಲೆಕ್ಕವೇ ಬೇರೆ, ಅಲ್ಲಿ 4 ಇಂಚಿನ ಸಣ್ಣ ಘನಗಲ್ಲು ಅಥವಾ ಗಟ್ಟಿ ಕಾಂಕ್ರೀಟ್ ತಳ ಬೇಕು. ಸೀಳಿದ ಕಲ್ಲಿನಲ್ಲಿ ದಪ್ಪ ಒಂದೂವರೆಯಿಂದ ಎರಡೂವರೆವರೆಗೆ ಓಡಾಡುತ್ತದೆ. ಅಗ್ಗವೆನಿಸಿದರೂ ಪ್ರತಿ ಕಲ್ಲಿಗೂ ಹಾಸುಮರಳು ಏರಿಸಿ ಇಳಿಸಬೇಕಾಗಿ ಕೂಲಿಯಲ್ಲಿ ಆ ಉಳಿತಾಯ ಕರಗಿಹೋಗುತ್ತದೆ.

ಹಳೆಯ ಕಟ್ಟಡ ಕೆಡವಿದ ಚಪ್ಪಡಿ ಸಿಕ್ಕರೆ ಬಿಡಬೇಡಿ. ಹವೆಗೆ ಪಳಗಿದ ಕಲ್ಲು ಅದು. ಮೇಲ್ಮೈ ಸವೆದು ನುಣುಪಾಗಿದ್ದರೆ ಮಗುಚಿ ಹಾಕಿ, ಹಿಂಬದಿಗೆ ಅಂಟಿದ ಗಾರೆಯನ್ನು ಮೊದಲು ಕೆತ್ತಿಸಿ. ಬರಹ, ಶಿಲ್ಪ ಇರುವ ಕಲ್ಲು ಅದರಲ್ಲಿ ಬಂದರೆ ಬದಿಗಿಟ್ಟು ತಿಳಿದವರಿಗೆ ತೋರಿಸಿ. ಸ್ವಂತ ಹೊಲದ ಕಲ್ಲುಗಳಲ್ಲಿ ಒಂದು ಮುಖವಾದರೂ ಚಪ್ಪಟೆಯಾಗಿ, ಒಂದು ಅಡಿಗಿಂತ ಅಗಲವಾಗಿ ಇರುವವು ಮಾತ್ರ ದಾರಿಗೆ ಆಗುತ್ತವೆ. ಹಳ್ಳದಿಂದ, ಬೇರೆಯವರ ಅಥವಾ ಸರ್ಕಾರದ ಜಾಗದಿಂದ ಅನುಮತಿಯಿಲ್ಲದೆ ಕಲ್ಲು ತರಬೇಡಿ. ಕೊಂಡ ಕಲ್ಲಿಗೂ ಬಿಲ್ಲು, ಸಾಗಣೆಯ ಕಾಗದ ಕೇಳಿ ಇಟ್ಟುಕೊಳ್ಳಿ.

ಲೋಡು ಎಂಬುದು ಅಳತೆಯಲ್ಲ. ಚಪ್ಪಡಿಯನ್ನು ಚದರ ಅಡಿಯಲ್ಲಿ, ಜಲ್ಲಿಯನ್ನು ಗಾಡಿಯ ಪೆಟ್ಟಿಗೆಯ ಉದ್ದ, ಅಗಲ, ತುಂಬಿದ ಎತ್ತರ ಗುಣಿಸಿ ಘನ ಅಡಿಯಲ್ಲಿ ಕೊಳ್ಳಿ. ಕಲ್ಲನ್ನು ತೂಕದಲ್ಲಿ ಕೊಟ್ಟರೆ ದಪ್ಪ ಹೆಚ್ಚಾದಷ್ಟೂ ಹರಡುವ ಜಾಗ ಕಡಿಮೆ ಎಂಬುದು ಲೆಕ್ಕದಲ್ಲಿರಲಿ. ಇಡೀ ದಾರಿಯ ಕಲ್ಲನ್ನು ಒಂದೇ ಸಲ ತರಿಸಿ, ಮುಂದಿನ ಲೋಡಿನ ಬಣ್ಣ ಹೊಂದುವುದಿಲ್ಲ. ಹಾಸುವಾಗಲೂ ಎರಡು ಮೂರು ರಾಶಿಯಿಂದ ಬೆರೆಸಿ ತೆಗೆಯಲು ಹೇಳಿ.

ಕೆಲಸ ನಡೆಯುವಾಗ ಕಣ್ಣಿಡಬೇಕಾದದ್ದು

ಮಣ್ಣು ಕೆಸರಾಗಿದ್ದ ದಿನ ಕೆಲಸ ಬೇಡ. ಒದ್ದೆ ತಳವನ್ನು ಕುಟ್ಟಿದರೆ ಗಟ್ಟಿಯಾಗುವ ಬದಲು ಜಲ್ಲಿಯೊಳಗೆ ಕೆಸರು ಏರುತ್ತದೆ. ಅಗೆದ ತಳವನ್ನೂ ವಾಟಕ್ಕೆ ಸರಿಯಾಗಿ ಇಳಿಜಾರು ಮಾಡಿ ಕುಟ್ಟಿಸಿ. ಜಲ್ಲಿ ಹಾಕುವ ಮುನ್ನ ದಾರಿಯ ಅಡಿಗೆ ಅಡ್ಡಲಾಗಿ ಎರಡು ಮೂರು ಕಡೆ 3 ಇಂಚಿನ ಪಿವಿಸಿ ಪೈಪು ಹೂತು, ಎರಡೂ ಬಾಯಿ ಮುಚ್ಚಿ, ಗುರುತಿಡಿ. ಮುಂದೆ ನೀರಿನ ಕೊಳವೆ, ದೀಪದ ತಂತಿ ಎಳೆಯುವಾಗ ದಾರಿ ಕೀಳಬೇಕಾಗುವುದಿಲ್ಲ.

ತಳಕ್ಕೆ ಬೇಕಿರುವುದು ದೊಡ್ಡ ಜಲ್ಲಿಯಿಂದ ಪುಡಿಯವರೆಗೆ ಎಲ್ಲ ಗಾತ್ರ ಬೆರೆತದ್ದು, ಕ್ರಷರ್‌ನಲ್ಲಿ ವೆಟ್ ಮಿಕ್ಸ್ ಅಥವಾ ಜಿಎಸ್‌ಬಿ ಎಂದು ಕೇಳಿ. ನದಿಯ ಉರುಟು ಕಲ್ಲು ಎಷ್ಟು ಕುಟ್ಟಿದರೂ ಒಂದನ್ನೊಂದು ಕಚ್ಚಿಕೊಳ್ಳುವುದಿಲ್ಲ. ಬರೀ 20 ಎಂಎಂ ಜಲ್ಲಿ ಹಾಕಿ ಅದರ ಮೇಲೆ ಮರಳು ಹರಡುವುದು ತುಂಬ ಸಾಮಾನ್ಯವಾದ ತಪ್ಪು. ಪ್ರತಿ ಮಳೆಗೂ ಮರಳು ಜಲ್ಲಿಯ ಸಂದಿಗೆ ಇಳಿಯುತ್ತದೆ, ಮೇಲಿನ ಕಲ್ಲು ಅದರ ಹಿಂದೆ ಇಳಿಯುತ್ತದೆ. ನೀರು ಬಸಿಯಲೆಂದು ಬರೀ ಜಲ್ಲಿಯೇ ಬೇಕಾದ ಕಡೆ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಇಲ್ಲವೇ ಮರಳಿನ ಬದಲು 6 ಎಂಎಂ ಚಿಪ್ಸ್, ಅಂದರೆ ಸಣ್ಣ ಜಲ್ಲಿ, ಹಾಕಿ.

2–3 ಇಂಚಿನ ಪದರ ಹರಡಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಆದರೆ ನೀರು ಒಸರದಷ್ಟು ತೇವ ಮಾಡಿ, ಯಂತ್ರವನ್ನು ಮೂರ್ನಾಲ್ಕು ಸಲ ಓಡಿಸಬೇಕು. 4 ಇಂಚನ್ನು ಒಂದೇ ಸಲ ಸುರಿದು ಕುಟ್ಟಿದರೆ ಮೇಲೆ ಮಾತ್ರ ಗಟ್ಟಿ. ಸರಿಯಾದ ತಳದ ಮೇಲೆ ಹಿಮ್ಮಡಿಯೂರಿ ಇಡೀ ಭಾರ ಹಾಕಿ ತಿರುಗಿದರೂ ಗುರುತು ಬೀಳುವುದಿಲ್ಲ. ಇಲ್ಲಿಗೆ ಬಂದಾಗ ದಾರ ಕಟ್ಟಿಸಿ ರಸಮಟ್ಟವಿಟ್ಟು ವಾಟ ಅಳೆಯಿರಿ. ತಳದ ತಗ್ಗನ್ನು ಹಾಸುಮರಳಿನಿಂದ ತುಂಬಲು ಬಿಡಬೇಡಿ. ಒಂದು ಕಡೆ 1 ಇಂಚು, ಇನ್ನೊಂದು ಕಡೆ 3 ಇಂಚು ಮರಳಿದ್ದರೆ 3 ಇಂಚಿನ ಜಾಗ ಖಂಡಿತ ಕುಸಿಯುತ್ತದೆ.

ಅಂಚುಗಲ್ಲನ್ನು ಅರ್ಧದಷ್ಟು ಹೂತು, ಹೊರಬದಿಗೆ ಕಾಂಕ್ರೀಟಿನ ಒತ್ತು ಕೊಡಬೇಕು. ಅದಿಲ್ಲದೆ ಮರಳು ಬದಿಗೆ ಜಾರಿ ಸಂದಿಗಳು ಬಾಯಿ ಬಿಡುತ್ತವೆ. ಆಕಾರವಿಲ್ಲದ ಕಲ್ಲಿನಲ್ಲಿ ದೊಡ್ಡವು ಅಂಚಿಗೆ, ಸಣ್ಣವು ನಡುವೆ. ಅಂಗೈಯಗಲದ ತುಂಡು ಅಂಚಿಗೆ ಬಂದರೆ ಮೊದಲ ವರ್ಷವೇ ಕಿತ್ತುಬರುತ್ತದೆ. ಕಲ್ಲಿನ ಕೆಳಗೆ ನಾಲ್ಕು ಮೂಲೆಗೊಂದು, ನಡುವಿಗೊಂದು ಗಾರೆಯ ಉಂಡೆ ಇಟ್ಟು ಕೂರಿಸುವ ಪದ್ಧತಿ ವೇಗದ್ದು, ಕೆಟ್ಟದ್ದು. ಉಂಡೆಗಳ ನಡುವೆ ಪೊಳ್ಳು ಉಳಿದು ಅಲ್ಲೇ ಬಿರುಕು ಬಿಡುತ್ತದೆ, ಇರುವೆ ಗೂಡು ಕಟ್ಟುತ್ತದೆ. ಪ್ರತಿ ಕಲ್ಲನ್ನೂ ರಬ್ಬರ್ ಸುತ್ತಿಗೆಯಿಂದ ಬಡಿದು ತಳಪೂರ್ತಿ ಮರಳು ತಾಗುವಂತೆ ಕೂರಿಸಬೇಕು. ದಮ್ಮಾಸು ಯಂತ್ರವನ್ನು ಚಪ್ಪಡಿಯ ಮೇಲೆ ಓಡಿಸಬಾರದು.

ಕತ್ತರಿಸಿದ ಕಲ್ಲಿಗೆ ಸಂದು ಕಾಲು ಇಂಚಿನಿಂದ ಅರ್ಧ ಇಂಚು, ತುಂಡುಗಲ್ಲಿಗೆ ಒಂದೂವರೆ ಇಂಚಿನವರೆಗೆ. ಒರಟು ಕಲ್ಲುಪುಡಿ ತುಂಬಿ, ಪೊರಕೆಯಿಂದ ಗುಡಿಸಿ, ನೀರು ಚಿಮುಕಿಸಿ, ಮತ್ತೆ ತುಂಬಿ. ಜಲ್ಲಿ ತಳದ ದಾರಿಗೆ ಸಿಮೆಂಟ್ ಸಂದು ಬೇಡ. ತಳ ಕೂದಲೆಳೆಯಷ್ಟು ಅಲುಗಿದರೂ ಸಿಮೆಂಟ್ ಬಿರಿಯುತ್ತದೆ.

ಕಲ್ಲು ಒಣಗಿದ್ದಾಗ ಗ್ರೈಂಡರಿನಲ್ಲಿ ಕತ್ತರಿಸಲು ಬಿಡಬೇಡಿ. ಗ್ರಾನೈಟ್, ಮರಳುಗಲ್ಲಿನ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಗುಣವಾಗದಂತೆ ಕೆಡಿಸುತ್ತದೆ. ನೀರು ಹಾಯಿಸಿ ಕತ್ತರಿಸುವುದು, ಮಾಸ್ಕ್ ಧರಿಸುವುದು ಇವೆರಡನ್ನೂ ಕರಾರಿನಲ್ಲೇ ಬರೆಸಿ. ಬಟ್ಟೆಯ ಚೂರು ಮುಖಕ್ಕೆ ಕಟ್ಟಿದರೆ ಅದು ಮಾಸ್ಕ್ ಅಲ್ಲ.

ಮೊದಲ ಆರು ಅಡಿ ಮುಗಿದಾಗ ಕೆಲಸ ನಿಲ್ಲಿಸಿ, ಒಂದು ಬಕೆಟ್ ನೀರು ಸುರಿದು, ಮೇಲೆ ನಡೆದು ನೋಡಿ. ಬದಲಿಸಬೇಕಾದ್ದನ್ನು ಹೇಳುವ ಹೊತ್ತು ಅದೇ.

ಆಮೇಲೆ

ಮೊದಲ ಮಳೆಗೆ ಸಂದಿಯ ಪುಡಿ ಅರ್ಧ ಇಂಚು ಇಳಿಯುವುದು ಸಹಜ, ಮತ್ತೆ ತುಂಬಿ. ಅದಕ್ಕಾಗಿಯೇ ಒಂದೆರಡು ಚೀಲ ಪುಡಿ, ನಾಲ್ಕೈದು ಕಲ್ಲು ಎತ್ತಿಡಿ. ಪಾಚಿಗೆ ಗಟ್ಟಿ ಪೊರಕೆ ಮತ್ತು ನೀರು ಸಾಕು, ಮೇಲೆ ಬಾಗಿದ ಕೊಂಬೆ ಕತ್ತರಿಸಿ ಬಿಸಿಲು ಬಿಟ್ಟರೆ ಇನ್ನೂ ಒಳ್ಳೆಯದು. ಹೆಚ್ಚು ಒತ್ತಡದ ನೀರಿನ ಯಂತ್ರ ಹಿಡಿದರೆ ಪಾಚಿಯೊಂದಿಗೆ ಸಂದಿಯ ಪುಡಿಯೂ ಹೋಗುತ್ತದೆ. ಹೊಳಪಿನ ಸೀಲರ್ ಬಳಿಯಲು ಬರುವವರಿಗೆ ಬೇಡವೆನ್ನಿ. ನೆಲದ ತೇವ ಮೇಲೆ ಬರಲಾಗದೆ ಬಿಳಿಯ ಕಲೆ ಮೂಡುತ್ತದೆ, ಕೆಲವು ಸೀಲರ್‌ಗಳಿಂದ ಒರಟು ಕಲ್ಲೂ ಜಾರತೊಡಗುತ್ತದೆ. ಒಂದು ಕಲ್ಲು ಅಲುಗಿದರೆ ಅದನ್ನಷ್ಟೇ ಹಾರೆಯಿಂದ ಮೀಟಿ ಎತ್ತಿ, ಕೆಳಗಿನ ಮರಳು ಕೆದಕಿ, ಹಿಡಿಯಷ್ಟು ಸೇರಿಸಿ ಮತ್ತೆ ಬಡಿದು ಕೂರಿಸಿದರೆ ಹತ್ತು ನಿಮಿಷದ ಕೆಲಸ. ಅಕ್ಕಪಕ್ಕದ ಮೂರ್ನಾಲ್ಕು ಕಲ್ಲು ಒಟ್ಟಿಗೆ ಇಳಿದಿದ್ದರೆ ಮಾತ್ರ ಮರಳಿಗೆ ಕೈ ಹಾಕಬೇಡಿ. ಅಲ್ಲಿ ತಳಕ್ಕೆ ಎಲ್ಲಿಂದಲೋ ನೀರು ಬರುತ್ತಿದೆ, ಮೊದಲು ಅದನ್ನು ಹುಡುಕಿ.